ಕಿಲ್ ಹೊಡೆಯದವನ ಲೆಕ್ಕ ಯಾರು ಇಡ್ತಾರೆ?

ಸಂಜೆ ಏಳು ದಾಟಿದ ಮೇಲೆ ನಮ್ಮ ಜಿಲ್ಲೆಯ ಯಾವ ಊರಿನ ಅರಳಿಕಟ್ಟೆಗೆ ಹೋದರೂ ನಾಲ್ಕೈದು ಹುಡುಗರು ಫೋನಿನೊಳಗೆ ತಲೆ ಹುದುಗಿಸಿ ಕೂತಿರುತ್ತಾರೆ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. “ಲೋ, ಬ್ಯಾಕಪ್ ಕೊಡೋ”, “ಗ್ಲೂ ವಾಲ್ ಹಾಕೋ”, “ಬಿದ್ದೆ ಕಣೋ, ಎತ್ತೋ ನನ್ನ”. ಅವರಲ್ಲಿ ಯಾರನ್ನಾದರೂ “ಎಷ್ಟು ಕಿಲ್ ಹೊಡೆದೆಯಪ್ಪ?” ಅಂತ ಕೇಳಿ. ಉತ್ತರ ತಕ್ಷಣ ಬರುತ್ತದೆ. “ಎಷ್ಟು ಜನರನ್ನ ಎತ್ತಿದೆ?” ಅಂತ ಕೇಳಿ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಈ ಬರಹ ಆ ಎರಡನೆಯ ಪ್ರಶ್ನೆಯ ಬಗ್ಗೆ.

ನಾವು ನಾಲ್ಕು ಜನ. ಪತ್ರಿಕೋದ್ಯಮ ಡಿಪ್ಲೊಮಾವನ್ನು ಒಟ್ಟಿಗೆ ಓದಿದವರು. ಈಗ ಒಬ್ಬರು ಚಿಕ್ಕಬಳ್ಳಾಪುರದಲ್ಲಿ, ಒಬ್ಬರು ಗೌರಿಬಿದನೂರಿನಲ್ಲಿ, ಒಬ್ಬರು ಚಿಂತಾಮಣಿಯಲ್ಲಿ, ಒಬ್ಬರು ಶಿಡ್ಲಘಟ್ಟದಲ್ಲಿ ಇದ್ದೇವೆ. ನಾಲ್ವರೂ ಸಂಬಳವಿಲ್ಲದ, ಸುದ್ದಿಗಿಷ್ಟು ಅಂತ ದುಡ್ಡು ಪಡೆಯುವ ವರದಿಗಾರರು. ಮೂವತ್ತು ದಾಟಿದ್ದೇವೆ. “ಮಕ್ಕಳಿಗೆ ಬೈಬೇಕಾದ ವಯಸ್ಸಲ್ಲಿ ನೀವೇ ಆಡ್ತೀರಲ್ಲ” ಅಂತ ಮನೆಯಲ್ಲಿ ಮಂಗಳಾರತಿ ಆಗುತ್ತದೆ. ಆದರೂ ಸುದ್ದಿ ಕಳಿಸಿ, ಊಟ ಮುಗಿಸಿ, ರಾತ್ರಿ ಹತ್ತರಿಂದ ಹನ್ನೊಂದರವರೆಗೆ ನಾವು ಒಂದೇ ತಂಡ. ನಾಲ್ಕು ತಾಲ್ಲೂಕು, ನಾಲ್ಕು ಫೋನು, ಒಂದು ಸ್ಕ್ವಾಡು.

ಆಟ ಗೊತ್ತಿಲ್ಲದ ಅಪ್ಪ ಅಮ್ಮಂದಿರಿಗಾಗಿ ಸ್ವಲ್ಪ ವಿವರ. ನಾವು ಆಡುವುದು ಫ್ರೀ ಫೈರ್ ಮ್ಯಾಕ್ಸ್. ಇದರ ಮೂಲ ಆಟವಾದ ಫ್ರೀ ಫೈರ್ ಅನ್ನು 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇತರ ಆ್ಯಪ್‌ಗಳ ಜೊತೆಗೆ ನಿರ್ಬಂಧಿಸಿತು, ಮ್ಯಾಕ್ಸ್ ಉಳಿಯಿತು. ವಿಮಾನದಿಂದ ಒಂದು ದ್ವೀಪಕ್ಕೆ ಇಳಿದು, ಸಿಕ್ಕ ಬಂದೂಕು ಹಿಡಿದು, ಕೊನೆಯವರೆಗೂ ಉಳಿದ ತಂಡ ಗೆಲ್ಲುತ್ತದೆ. ಇದರಲ್ಲಿ ಪ್ರತಿಯೊಬ್ಬರಿಗೂ ಒಂದು ಕ್ಯಾರೆಕ್ಟರ್. ಪ್ರತಿ ಕ್ಯಾರೆಕ್ಟರಿಗೂ ಒಂದು ಶಕ್ತಿ. ಪೌರಾಣಿಕ ನಾಟಕದ ಪಾತ್ರಧಾರಿಗಳಿಗೆ ಒಬ್ಬರಿಗೆ ಗದೆ, ಒಬ್ಬರಿಗೆ ಬಿಲ್ಲು ಇದ್ದ ಹಾಗೆ.

ನಾವೇ ಒತ್ತಿ ಉಪಯೋಗಿಸಬೇಕಾದ ಶಕ್ತಿಗೆ ಆ್ಯಕ್ಟಿವ್ ಎನ್ನುತ್ತಾರೆ. ತಾನಾಗಿ ಕೆಲಸ ಮಾಡುತ್ತಲೇ ಇರುವುದು ಪ್ಯಾಸಿವ್. ಒಬ್ಬ ಆಟಗಾರ ಒಂದು ಆ್ಯಕ್ಟಿವ್, ಮೂರು ಪ್ಯಾಸಿವ್ ಇಟ್ಟುಕೊಳ್ಳಬಹುದು. ಈ ನಾಲ್ಕನ್ನು ಜೋಡಿಸುವುದಕ್ಕೇ ಹುಡುಗರು ‘ಬಿಲ್ಡ್’, ‘ಕಾಂಬೊ’ ಅನ್ನುವುದು. ಯಾವುದರ ಜೊತೆ ಯಾವುದು ಕೂಡುತ್ತದೆ ಅನ್ನುವ ಲೆಕ್ಕದಲ್ಲಿ ನಮ್ಮೂರಿನ ಹತ್ತನೇ ಕ್ಲಾಸ್ ಹುಡುಗರು ತೋರಿಸುವ ತಲೆ ನೋಡಿದರೆ ಗಣಿತದ ಮೇಷ್ಟ್ರಿಗೂ ಆಶ್ಚರ್ಯವಾಗಬೇಕು.

ಹೆಚ್ಚಿನವರು ಜೋಡಿಸುವುದು ಹೊಡೆಯುವ ಶಕ್ತಿಗಳನ್ನು. ಓಡುವ ವೇಗ, ಗುರಿ, ಗುಂಡು ಬೇಗ ತುಂಬುವುದು. ಆದರೆ ಇದೇ ಆಟದಲ್ಲಿ ಬೇರೆ ಥರದ ಕ್ಯಾರೆಕ್ಟರುಗಳೂ ಇವೆ. ಬ್ರೆಜಿಲ್ ದೇಶದ ಡಿಜೆ ಆಲೋಕ್ ಹೆಸರಿನ ಕ್ಯಾರೆಕ್ಟರ್ ಸಂಗೀತ ಹಾಕಿದರೆ ಅವನ ಹತ್ತಿರ ಇರುವ ಜೊತೆಗಾರರ ಗಾಯ ಮಾಯುತ್ತದೆ, ಕಾಲು ಚುರುಕಾಗುತ್ತದೆ. ಡಿಮಿಟ್ರಿ ಒಂದು ವೃತ್ತ ಹಾಕುತ್ತಾನೆ. ಅದರೊಳಗೆ ಇರುವವರೆಲ್ಲ ಚೇತರಿಸಿಕೊಳ್ಳುತ್ತಾರೆ. ಕಪೆಲ್ಲಾ ಅನ್ನುವ ಗಾಯಕಿಯ ಶಕ್ತಿ ಇಂಥ ಗುಣಪಡಿಸುವ ಶಕ್ತಿಗಳಿಗೇ ಬಲ ತುಂಬುವುದು. ಒಲಿವಿಯಾ ಅನ್ನುವ ನರ್ಸ್‌ನ ಶಕ್ತಿಯೂ ಜೊತೆಗಾರರು ಚೇತರಿಸಿಕೊಳ್ಳಲು ನೆರವಾಗುವಂಥದ್ದು. ಇವುಗಳಿಗೆ ‘ಸಪೋರ್ಟ್’ ಎಂದು ಹೆಸರು. ಆಸರೆಯ ಶಕ್ತಿಗಳು ಅನ್ನೋಣ.

“ಇದೂ ಜೂಜು ತಾನೇ?” ಅಂತ ಹಿರಿಯರು ಕೇಳುತ್ತಾರೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಇ-ಸ್ಪೋರ್ಟ್ಸ್ ಅನ್ನು ಅದೇ ಕಾಯ್ದೆ ಬೇರೆಯಾಗಿ ನೋಡುತ್ತದೆ. ನಾವು ಆಡುವುದರಲ್ಲಿ ಪಣ ಇಲ್ಲ. ಆದರೆ ‘ಡೈಮಂಡ್’ ಅಂತ ಕೊಳ್ಳುವ ಆಮಿಷ ಇದೆ. ಮಕ್ಕಳ ಕೈಗೆ ಯುಪಿಐ ಪಿನ್ ಕೊಡಬೇಡಿ. ಅಷ್ಟು ಹೇಳಿ ಮುಂದೆ ಹೋಗುತ್ತೇವೆ.

ನಮ್ಮ ತಂಡದಲ್ಲಿ ಪಾತ್ರ ಹಂಚಿಕೆ ಆದದ್ದು ಹೀಗೆ. ಗೌರಿಬಿದನೂರಿನವಳು ಮುಂದೆ. ನಾಲ್ವರಲ್ಲಿ ಗುರಿ ಅವಳದೇ. ಗೊತ್ತಿಲ್ಲದ ಹುಡುಗರ ಜೊತೆ ಆಡುವಾಗ ಅವಳ ದನಿ ಕೇಳಿದ ಕೂಡಲೇ ಮೈಕಿನಲ್ಲಿ “ಅಕ್ಕ, ನೀವು ಹಿಂದೆ ಇದ್ದು ಹೀಲ್ ಮಾಡ್ತಿರಿ, ನಾವು ನೋಡ್ಕೋತೀವಿ” ಅನ್ನುತ್ತಾರೆ. ಐದು ನಿಮಿಷದಲ್ಲಿ ಆ ಮೂವರೂ ಬಿದ್ದಿರುತ್ತಾರೆ, ಅಕ್ಕ ನಿಂತಿರುತ್ತಾಳೆ. ಆಸರೆಯ ಕೆಲಸ ಹೆಂಗಸರದು ಅನ್ನುವ ಮನೆಯ ರೂಢಿ ಫೋನಿನೊಳಗೂ ಬಂದು ಕೂತಿದೆ.

ನಮ್ಮಲ್ಲಿ ಹಿಂದೆ ನಿಲ್ಲುವವನು ಶಿಡ್ಲಘಟ್ಟದವನು. ಮೊದಲು ಅದು ಆರಿಸಿಕೊಂಡದ್ದಲ್ಲ, ಒದಗಿ ಬಂದದ್ದು. ಅವನ ಫೋನು ಹಳೆಯದು. ಹತ್ತು ನಿಮಿಷಕ್ಕೆ ಒಲೆ ಮೇಲಿಟ್ಟ ಹೆಂಚಿನ ಹಾಗೆ ಕಾಯುತ್ತದೆ, ಚಿತ್ರ ನಿಂತು ನಿಂತು ಬರುತ್ತದೆ. ಅಂಥ ಫೋನಿನಲ್ಲಿ ಓಡುವವನಿಗೆ ಗುರಿ ಇಡಲಾಗದು. ಆದರೆ ಜೊತೆಗಾರರ ಹತ್ತಿರ ನಿಂತು ಸರಿಯಾದ ಹೊತ್ತಿಗೆ ಒಂದು ಗುಂಡಿ ಒತ್ತಬಹುದು, ಗೋಡೆ ಎಬ್ಬಿಸಬಹುದು, ಬಿದ್ದವರನ್ನು ಎತ್ತಬಹುದು. ಅದನ್ನೇ ಮಾಡುತ್ತಾ ಮಾಡುತ್ತಾ ಅವನು ಎಷ್ಟು ಪಳಗಿದ ಅಂದರೆ, ಚಿಂತಾಮಣಿಯವನು “ಬಿದ್ದೆ” ಅನ್ನುವ ಮೊದಲೇ ಅವನ ಮುಂದೆ ಗೋಡೆ ಎದ್ದಿರುತ್ತದೆ. ಆಟ ಮುಗಿದಾಗ ಪರದೆಯ ಮೇಲೆ ದೊಡ್ಡದಾಗಿ ಬರುವುದು ಕಿಲ್ ಲೆಕ್ಕ. ಅವನದು ಸೊನ್ನೆ. ಕೆಲವು ದಿನ ಒಂದು.

ಈ ಆಸರೆಯ ಆಟದ ಮೇಲೆ ನಮಗೆ ಕುತೂಹಲ ಹುಟ್ಟಿದ ಮೇಲೆ ಹುಡುಕುತ್ತಾ ಹೋಗಿ ಸಿಕ್ಕಿದ್ದು ಇಪ್ಪತ್ತು ವರ್ಷ ದಾಟಿದ ಒಂದು ಅಮೆರಿಕದ ಆಟ. ಹೆಸರು ‘ಸಿಟಿ ಆಫ್ ಹೀರೋಸ್’. 2004ರ ಏಪ್ರಿಲ್‌ನಲ್ಲಿ ಶುರುವಾದ ಸೂಪರ್‌ಹೀರೋ ಆಟ. ಫೋನಿನದ್ದಲ್ಲ, ಕಂಪ್ಯೂಟರಿನದು. ಹಳೆಯ ಆಟವಾದ್ದರಿಂದ ಚಿಂತಾಮಣಿಯವನ ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಈಗ ಆಡಲು ದುಡ್ಡು ಕೊಡಬೇಕಾಗಿಯೂ ಇಲ್ಲ. ಭಾನುವಾರಗಳಲ್ಲಿ ಅವನ ಮನೆಯಲ್ಲಿ ಸೇರಿ, ಒಂದೇ ಲ್ಯಾಪ್‌ಟಾಪಿನಲ್ಲಿ ಸರದಿ ಪ್ರಕಾರ ಆಡಿದೆವು.

ಪ್ಯಾರಗಾನ್ ಸಿಟಿ ಎಂಬ ಊರು. ಅಲ್ಲಿ ನಿಮ್ಮದೇ ಒಬ್ಬ ವೀರನನ್ನು ಕಟ್ಟಬೇಕು. ಶುರುವಿನಲ್ಲಿ ಐದು ಬಗೆ ಇದ್ದವು. ಏಟು ತಿಂದು ನಿಲ್ಲುವವನು ಟ್ಯಾಂಕರ್. ಹತ್ತಿರ ಹೋಗಿ ಹೊಡೆದಾಡುವವನು ಸ್ಕ್ರ್ಯಾಪರ್. ದೂರದಿಂದ ಹೊಡೆಯುವವನು ಬ್ಲಾಸ್ಟರ್. ಶತ್ರುಗಳನ್ನು ಕಟ್ಟಿಹಾಕುವವನು ಕಂಟ್ರೋಲರ್. ಜೊತೆಯವರಿಗೆ ಬಲ ತುಂಬುವವನು ಡಿಫೆಂಡರ್. ಗಮನಿಸಿ, ಅಲ್ಲಿ ಆಸರೆ ಅನ್ನುವುದು ಉಳಿದವರಿಗೆ ಸಿಕ್ಕ ಕೆಲಸವಲ್ಲ, ಮೊದಲ ದಿನದಿಂದಲೇ ಒಂದು ಪೂರ್ತಿ ವೀರನ ಬಗೆ.

ಕಟ್ಟುವ ಕ್ರಮ ನೋಡಿ. 50 ಹಂತ ಏರಬೇಕು. ಏರುತ್ತಾ ಹೊಸ ಶಕ್ತಿಗಳು ಸಿಗುತ್ತವೆ. ಪ್ರತಿ ಶಕ್ತಿಯನ್ನು ಹುರಿಗೊಳಿಸಲು ‘ಸ್ಲಾಟ್’ ಅನ್ನುವ ಖಾನೆಗಳು ಸಿಗುತ್ತವೆ. ಒಂದು ಶಕ್ತಿಗೆ ಹೆಚ್ಚೆಂದರೆ 6 ಖಾನೆ. ಒಟ್ಟು ಖಾನೆಗಳು ಇಂತಿಷ್ಟೇ. ಇದಕ್ಕೆ ಕೊಟ್ಟರೆ ಅದಕ್ಕಿಲ್ಲ. ಎಲ್ಲವೂ ಬೇಕು ಅನ್ನುವವನ ವೀರ ಯಾವುದಕ್ಕೂ ಆಗುವುದಿಲ್ಲ. ಇರುವ ಎರಡೆಕರೆಯಲ್ಲಿ ಹಿಪ್ಪುನೇರಳೆ ಎಷ್ಟು, ರಾಗಿ ಎಷ್ಟು, ಹಸುವಿಗೆ ಹುಲ್ಲು ಎಷ್ಟು ಅಂತ ನಮ್ಮ ರೈತರು ಹಾಕುವ ಲೆಕ್ಕವೇ ಇದು.

ಶುರುವಿನ ದಿನಗಳಲ್ಲಿ ಆಟಗಾರರು ಆರೂ ಖಾನೆಗೆ ಹೊಡೆತದ ಬಲವನ್ನೇ ತುಂಬುತ್ತಿದ್ದರು. 2005ರ ಕೊನೆಯ ಹೊತ್ತಿಗೆ ಆಟ ನಡೆಸುವವರು ನಿಯಮ ಬದಲಿಸಿದರು. ಒಂದೇ ಬಗೆಯದನ್ನು ಮೂರು ಖಾನೆಗೆ ತುಂಬುವವರೆಗೆ ಫಲ ಚೆನ್ನಾಗಿದೆ, ಅದಕ್ಕಿಂತ ಮೇಲೆ ಹಾಕಿದ್ದು ಹೆಚ್ಚುಕಡಿಮೆ ನೀರಿನಲ್ಲಿ ಹೋಮ. ರಾಗಿಗೆ ಯೂರಿಯಾ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಅಳತೆಯವರೆಗೆ ಪೈರು ಹಸಿರು. ಮೇಲೆ ಸುರಿದರೆ ಹುಲುಸಾಗಿ ಬೆಳೆದು ನೆಲಕ್ಕೊರಗುತ್ತದೆ. ಮನೆಯಲ್ಲೂ ಅಷ್ಟೆ. ಇದ್ದಬದ್ದ ದುಡ್ಡನ್ನೆಲ್ಲ ಒಬ್ಬನೇ ಮಗನ ಓದಿಗೆ ಸುರಿದು, ಹಟ್ಟಿಯ ಸೂರಿಗೆ ಒಂದು ಹೆಂಚೂ ಹಾಕದಿದ್ದರೆ, ಆ ಮಗನ ಓದಿಗೆ ದುಡ್ಡು ಕೊಡುತ್ತಿದ್ದ ಹಸುವೇ ಮಳೆಗೆ ನೆನೆಯುತ್ತದೆ.

ಆಸರೆಯ ಶಕ್ತಿಗಳ ಗುಣ ಇನ್ನೂ ಸ್ವಾರಸ್ಯ. ಡಿಫೆಂಡರಿಗೆ ಸಿಗುವ ಶಕ್ತಿಗಳ ಒಂದು ಗುಂಪಿನ ಹೆಸರು ಎಂಪಥಿ. ಪರರ ನೋವನ್ನು ತನ್ನದೆಂದು ಕಾಣುವುದು ಅಂತ ಅರ್ಥ. ಅದರಲ್ಲಿ ಒಬ್ಬೊಬ್ಬರನ್ನೇ ಗುಣಪಡಿಸುವ ಒಳ್ಳೆಯ ಶಕ್ತಿ ಒಂದಿದೆ. ಅದನ್ನು ಜೊತೆಗಾರರ ಮೇಲೆ ಹಾಕಬಹುದು, ತನ್ನ ಮೇಲೆ ಹಾಕಿಕೊಳ್ಳಲಾಗದು. ತನ್ನ ಬೆನ್ನು ತನಗೆ ಕಾಣದು ಅಂತಾರಲ್ಲ, ಹಾಗೆ. ಇನ್ನೊಂದು ಶಕ್ತಿ ಜೊತೆಗಾರನ ನೋವನ್ನು ತಾನೇ ಹೀರಿಕೊಳ್ಳುವುದು. ಅವನು ಎದ್ದು ನಿಲ್ಲುತ್ತಾನೆ, ಇವನ ಜೀವ ಅಷ್ಟು ಇಳಿಯುತ್ತದೆ, ಸ್ವಲ್ಪ ಹೊತ್ತು ಇವನನ್ನು ಯಾರೂ ಗುಣಪಡಿಸಲೂ ಆಗುವುದಿಲ್ಲ. ಹಬ್ಬದ ದಿನ ಎಲ್ಲರಿಗೂ ಬಡಿಸಿ, ಕೊನೆಗೆ ತಳ ಹತ್ತಿದ ಅನ್ನ ಉಣ್ಣುವ ನಮ್ಮ ಅಮ್ಮಂದಿರು ಈ ಶಕ್ತಿಯನ್ನು ಯಾವ ಹಂತ ಏರಿ ಪಡೆದರೋ.

ಡಿಫೆಂಡರಿಗೆ ಹುಟ್ಟುಗುಣವಾಗಿ ಕೊಟ್ಟದ್ದು ‘ವಿಜಿಲೆನ್ಸ್’. ಜೊತೆಗಾರರಿಗೆ ಪೆಟ್ಟು ಹೆಚ್ಚು ಬಿದ್ದಷ್ಟೂ ಇವನ ಶಕ್ತಿಗೆ ತಗಲುವ ದಮ್ಮು ಕಡಿಮೆಯಾಗುತ್ತದೆ. ಸಾವಿನ ಮನೆಯಲ್ಲಿ ಇದನ್ನು ನೋಡಿದ್ದೇವೆ. ಎಲ್ಲರೂ ಕುಸಿದು ಕೂತಾಗ ಒಬ್ಬಳು ಅತ್ತಿಗೆಯೋ ಚಿಕ್ಕಮ್ಮನೋ ಎದ್ದು ಒಲೆ ಹಚ್ಚುತ್ತಾಳೆ, ಬಂದವರಿಗೆ ನೀರು ಕೊಡುತ್ತಾಳೆ, ಮೂರು ದಿನ ನಿದ್ದೆಯಿಲ್ಲದೆ ಓಡಾಡುತ್ತಾಳೆ. ಆ ಬಲ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಆ ಆಟದ ಹಳಬರ ನಡುವೆ ಒಂದು ವಾದ ಇತ್ತು. ಡಿಫೆಂಡರ್ ಅಂದರೆ ಗಾಯಕ್ಕೆ ಮದ್ದು ಹಚ್ಚುವವನು ಅಂತ ಹೊಸಬರು ತಿಳಿಯುತ್ತಿದ್ದರು. ಹಳಬರು ಹೇಳುತ್ತಿದ್ದುದು ಬೇರೆ: ಪೆಟ್ಟು ಬೀಳದ ಹಾಗೆ ಮಾಡುವುದೇ ದೊಡ್ಡ ಆಸರೆ. ಜೊತೆಗಾರರ ಮೈಗೆ ರಕ್ಷಣೆಯ ಗುಳ್ಳೆ ಕಟ್ಟುವುದು, ಶತ್ರುವಿನ ಕೈ ಸೋಲಿಸುವುದು, ಜೊತೆಗಾರರ ವೇಗ ಹೆಚ್ಚಿಸುವುದು. ಕೈನೆಟಿಕ್ಸ್ ಅನ್ನುವ ಗುಂಪಿನಲ್ಲಿ ವೇಗ ತುಂಬುವ ಒಂದು ಶಕ್ತಿ ಎರಡು ನಿಮಿಷ ಇರುತ್ತಿತ್ತು. ಮೊದಲೆಲ್ಲ ಅದನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹಾಕಬೇಕಿತ್ತು. ತಂಡದಲ್ಲಿ 8 ಜನ. ಎರಡು ನಿಮಿಷಕ್ಕೊಮ್ಮೆ ಏಳು ಜನಕ್ಕೂ ಮತ್ತೆ ಮತ್ತೆ ಹಾಕುತ್ತಿರಬೇಕಿತ್ತು. ದಿನಪೂರ್ತಿ ಅದೇ ಕೆಲಸ.

ಶಿಡ್ಲಘಟ್ಟದವನಿಗೆ ಈ ವಾದ ತಕ್ಷಣ ಅರ್ಥವಾಯಿತು. ಅವನ ಮನೆಯಲ್ಲಿ ಹುಳು ಸಾಕುತ್ತಾರೆ. “ಹುಳುವಿಗೆ ಸಪ್ಪೆ ರೋಗ ಬಂದ್ಮೇಲೆ ಮದ್ದು ಎಲ್ಲಿದೆ? ಹಾಲುತೊಂಡೆ ಬಂದ್ರೆ ಎತ್ತಿ ಬಿಸಾಕೋದೇ. ಅದಕ್ಕೇ ಚಾಕಿ ತರೋಕೆ ಮುಂಚೆ ಅಮ್ಮ ಮನೆ ತೊಳೆದು, ತಟ್ಟೆ ತೊಳೆದು, ಬ್ಲೀಚಿಂಗ್ ಹೊಡೀತಾಳೆ. ಗೂಡು ಚೆನ್ನಾಗಿ ಬಂದ್ರೆ ಎಲ್ರೂ ‘ಸೊಪ್ಪು ಚೆನ್ನಾಗಿತ್ತು’ ಅಂತಾರೆ. ಮನೆ ಚೆನ್ನಾಗಿ ತೊಳೆದಿದ್ರು ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀರಾ?” ಅಂದ.

ಇಲ್ಲ. ಆಗದೇ ಹೋದ ನಷ್ಟಕ್ಕೆ ರಸೀದಿ ಇಲ್ಲ. ಆಸರೆಯ ಕೆಲಸದ ಕಷ್ಟ ಇರುವುದೇ ಇಲ್ಲಿ.

ಆ ಆಟದ ಇನ್ನೊಂದು ಸಂಗತಿ ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಎಂಟೂ ಜನ ಡಿಫೆಂಡರುಗಳೇ ಆದರೆ ಏನಾಗುತ್ತದೆ? ಹೊಡೆಯುವವನೇ ಇಲ್ಲದ ತಂಡ ಸೋಲುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದದ್ದು ತಿರುವುಮುರುವು. ಒಬ್ಬೊಬ್ಬನೂ ಉಳಿದ ಏಳು ಜನಕ್ಕೆ ಬಲ ತುಂಬುತ್ತಾನೆ. ಆ ಬಲಗಳು ಒಂದರ ಮೇಲೊಂದು ಕೂಡುತ್ತವೆ. ಒಬ್ಬಂಟಿಯಾಗಿ ಮೆತ್ತಗೆ ಹೊಡೆಯುವ ಡಿಫೆಂಡರ್, ಏಳು ಜನರ ಬಲ ಹೊತ್ತು ನಿಂತಾಗ ಆನೆಯಾಗುತ್ತಾನೆ. ಆ ಆಟದ ಅತಿ ಬಲವಾದ ತಂಡಗಳೆಂದು ಹಳಬರು ಎಣಿಸುವುದು ಇಂಥ ತಂಡಗಳನ್ನೇ.

ಇದಕ್ಕೆ ನಮ್ಮ ಭಾಷೆಯಲ್ಲಿ ಮೊದಲಿಂದ ಪದ ಇದೆ. ಮುಯ್ಯಾಳು. ಇವತ್ತು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲದ ಕುಯ್ಲಿಗೆ ನೀವು. ಕೂಲಿ ಇಲ್ಲ, ಲೆಕ್ಕ ಇದೆ. ಎಂಟು ಮನೆಯವರು ಒಂದೊಂದು ಹೊಲಕ್ಕೆ ಒಟ್ಟಿಗೆ ಇಳಿದರೆ ಯಾವ ಹೊಲದ ಕೆಲಸವೂ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಮುಗಿಯುತ್ತಿತ್ತು. ಮುಯ್ಯಾಳಿನ ಗುಟ್ಟು ಪ್ರೀತಿಯೊಂದೇ ಅಲ್ಲ. ಯಾರು ಬಂದರು, ಯಾರು ಬರಬೇಕು ಅನ್ನುವುದು ಎಲ್ಲರಿಗೂ ನೆನಪಿರುತ್ತಿತ್ತು. ಹಿಂದೆ ನಿಂತವನ ಲೆಕ್ಕವನ್ನು ಊರು ಇಡುತ್ತಿತ್ತು.

ಈಗ ನಮ್ಮ ಕಸುಬಿಗೆ ಬರುತ್ತೇವೆ. ಕಳೆದ ವರ್ಷ ಶಿಡ್ಲಘಟ್ಟದವನು ಬರೆಯುತ್ತಿದ್ದ ಒಂದು ಪತ್ರಿಕೆಯಿಂದ ಫೋನು ಬಂತು. ಹೆಸರು ಬೇಡ. “ನಿಮ್ಮ ಹೆಸರಲ್ಲಿ ತಿಂಗಳಿಗೆ ಇಷ್ಟೇ ಸುದ್ದಿ ಬಂದಿದೆ. ಜಾಹೀರಾತೂ ಇಲ್ಲ. ಮುಂದಿನ ತಿಂಗಳಿಂದ ಬೇರೆಯವರನ್ನ ನೋಡ್ತೀವಿ.” ಅಷ್ಟೇ. ಆ ಕಡೆ ಇರುವುದು ಹೆಸರಿನ ಲೆಕ್ಕ, ಅಂದರೆ ಕಿಲ್ ಲೆಕ್ಕ.

ಆ ಲೆಕ್ಕದಲ್ಲಿ ಬಾರದ್ದು ಏನೆಂದು ನಮಗೆ ಗೊತ್ತು. ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜು ಮುಗಿದ ಕೂಡಲೇ ಆ ದಿನದ ಧಾರಣೆ ನಮ್ಮ ಮೂವರ ಫೋನಿಗೆ ಬರುತ್ತದೆ. ಗೂಡಿನ ಬೆಲೆ ಬಿದ್ದಾಗ ಚಿಂತಾಮಣಿಯವನು ಬರೆಯುವ ಸುದ್ದಿಗೆ ರೀಲರುಗಳ ಮಾತು ಕೊಡಿಸಿದ್ದು ಅವನು. ಗಡಿಯೂರುಗಳ ಅಜ್ಜಿಯರ ತೆಲುಗನ್ನು ಗೌರಿಬಿದನೂರಿನವಳಿಗೆ ರಾತ್ರಿ ಹತ್ತಕ್ಕೆ ಕನ್ನಡ ಮಾಡಿ ಬರೆದು ಕಳಿಸಿದ್ದು ಅವನು. ಚಿಕ್ಕಬಳ್ಳಾಪುರದಲ್ಲಿ ನಾವು ಕಚೇರಿ ಕಚೇರಿ ಅಲೆಯುವಾಗ “ಆ ಅರ್ಜಿ ಹೀಗೆ ಹಾಕಿ, ಇಷ್ಟು ದಿನದಲ್ಲಿ ಉತ್ತರ ಕೊಡ್ಲೇಬೇಕು” ಅಂತ ಮಾಹಿತಿ ಹಕ್ಕಿನ ದಾರಿ ಹೇಳಿಕೊಟ್ಟದ್ದೂ ಅವನೇ. ಇವು ಯಾವುದರ ಕೆಳಗೂ ಅವನ ಹೆಸರಿಲ್ಲ. ಸುದ್ದಿಯ ಮೇಲೆ ಇರುವುದು ನಮ್ಮ ಹೆಸರು, ಅಥವಾ ‘ನಮ್ಮ ಪ್ರತಿನಿಧಿಯಿಂದ’.

ಫೋನು ಬಂದ ರಾತ್ರಿಯೂ ಅವನು ಆಟಕ್ಕೆ ಬಂದ. ಎಂದಿನ ಹಾಗೆ ಹಿಂದೆ ನಿಂತ. ಆಟ ಮುಗಿದ ಮೇಲೆ ಹೇಳಿದ: “ಮಾವ ರೀಲಿಂಗ್ ಶೆಡ್ಡಲ್ಲಿ ಕೂತ್ಕೋ ಅಂತಿದ್ದಾರೆ. ಬೇಸಿನ್ ಮುಂದೆ ಕೂತ್ರೆ ವಾರಕ್ಕೆ ಇಷ್ಟು ಅಂತ ಕೈಗೆ ಬರುತ್ತೆ. ಈ ಕಸುಬಿಗೆ ಕೈ ಮುಗಿದೆ ಕಣ್ರಪ್ಪ.”

ಯಾರೂ ಮಾತಾಡಲಿಲ್ಲ. ಗೌರಿಬಿದನೂರಿನವಳು ಮೊದಲು ಬಾಯಿಬಿಟ್ಟಳು. ಅವಳ ತಾಲ್ಲೂಕಿನಲ್ಲೇ ವಿದುರಾಶ್ವತ್ಥ ಇದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ; ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅನ್ನುತ್ತಾರೆ. ಅದಕ್ಕೂ ಹಿಂದಿನ ಕಥೆ, ಅಲ್ಲಿನ ಅಶ್ವತ್ಥ ಮರವನ್ನು ವಿದುರ ನೆಟ್ಟ ಅನ್ನುವುದು. ಇತ್ತ ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಅನ್ನುವುದು ಸ್ಥಳಪುರಾಣ.

“ಭಾರತದ ಕಥೆ ನೋಡಿ” ಅಂದಳು ಅವಳು. “ಅರಗಿನ ಮನೆಗೆ ಬೆಂಕಿ ಬೀಳುತ್ತೆ ಅಂತ ಸುಳಿವು ಕೊಟ್ಟೋನು ವಿದುರ. ಸುರಂಗ ತೋಡೋನನ್ನ ಕಳಿಸಿದೋನು ವಿದುರ. ಪಾಂಡವರು ಅದರಲ್ಲಿ ನುಸುಳಿ ತಪ್ಪಿಸಿಕೊಂಡು ಬಂದದ್ದಕ್ಕೇ ಅಲ್ವಾ ಏಕಚಕ್ರಪುರ ಸೇರಿದ್ದು? ವಿದುರ ಇಲ್ದಿದ್ರೆ ಭೀಮ ಅರಗಿನ ಮನೇಲೇ ಬೂದಿ. ಬಕಾಸುರ ಇನ್ನೂ ಬಂಡಿ ಬಂಡಿ ಅನ್ನ ತಿಂತಾ ಕೂತಿರ್ತಿದ್ದ. ಕಿಲ್ ಮಾತ್ರ ಭೀಮಂದು.”

ನಮ್ಮ ಒಂದೇ ಜಿಲ್ಲೆಯಲ್ಲಿ ಎರಡು ಊರು. ಒಂದರಲ್ಲಿ ಹೊಡೆದವನ ಕಥೆ, ಇನ್ನೊಂದರಲ್ಲಿ ಕುರುಕ್ಷೇತ್ರದಲ್ಲಿ ಆಯುಧವನ್ನೇ ಹಿಡಿಯದ ವಿದುರನ ಮರ. ನಮ್ಮ ಹಿರಿಯರು ಇಬ್ಬರಿಗೂ ಜಾಗ ಕೊಟ್ಟಿದ್ದಾರೆ. ಇವತ್ತಿಗೂ ಜನ ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲು ನಿಲ್ಲಿಸಿ ಬರುತ್ತಾರೆ.

ಆ ರಾತ್ರಿ ನಾವು ಒಂದು ಪುಸ್ತಕ ಮಾಡುವುದೆಂದು ತೀರ್ಮಾನಿಸಿದೆವು. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಇರುತ್ತದಲ್ಲ, ಯಾರು ಎಷ್ಟು ಕೊಟ್ಟರು ಅಂತ, ಅಂಥದ್ದು. ಯಾರ ಹೆಸರಿನಲ್ಲಿ ಸುದ್ದಿ ಬಂದರೂ ಅದರ ಹಿಂದೆ ಯಾರ ಫೋಟೊ, ಯಾರ ಅಂಕಿ, ಯಾರ ಅನುವಾದ, ಯಾರ ಫೋನು ನಂಬರು ಅಂತ ಬರೆದಿಡುವುದು. ತಿಂಗಳ ಕೊನೆಗೆ ಬಂದ ದುಡ್ಡಿನಲ್ಲಿ ಆ ಪಾಲು ಅವರಿಗೆ. ದುಡ್ಡು ಏನೂ ಹೆಚ್ಚಲ್ಲ. ಕೆಲವು ತಿಂಗಳು ಪೆಟ್ರೋಲಿಗೆ ಸಾಲದು. ಆದರೆ ಮೊದಲ ತಿಂಗಳು ಕೂಡಿಸಿ ನೋಡಿದಾಗ ಪತ್ರಿಕೆ ಬೇಡ ಅಂದವನ ಪಾಲೇ ನಾಲ್ವರಲ್ಲಿ ಎರಡನೆಯದಾಗಿತ್ತು. ಮೊದಲನೆಯದು ಗೌರಿಬಿದನೂರಿನವಳದು, ಆ ಅಕ್ಕನ ಗುರಿ ಸುದ್ದಿಯಲ್ಲೂ ತಪ್ಪುವುದಿಲ್ಲ.

ಈ ಬ್ಲಾಗಿನಲ್ಲಿ ನಮ್ಮ ಬರಹಗಳೆಲ್ಲ ‘ನಾವು’ ಎಂದು ಬರುವುದಕ್ಕೂ ಇದೇ ಕಾರಣ. ಟೈಪು ಮಾಡುವುದು ಒಬ್ಬರು. ಬರೆಯುವುದು ನಾಲ್ವರು.

ಆ ಅಮೆರಿಕದ ಆಟಕ್ಕೆ ಕೊನೆಗೆ ಏನಾಯಿತೆಂದು ಹೇಳಬೇಕು. 2012ರ ಆಗಸ್ಟ್ ಕೊನೆಯಲ್ಲಿ ಅದರ ಒಡೆತನದ ಎನ್‌ಸಿಸಾಫ್ಟ್ ಕಂಪನಿ ಆಟ ಮುಚ್ಚುವುದಾಗಿ ಪ್ರಕಟಿಸಿತು. ಆಟಗಾರರು ಅದೇ ಆಟದೊಳಗೆ, ತಮ್ಮ ವೀರರ ವೇಷದಲ್ಲೇ, ಪಂಜು ಹಿಡಿದು ಸಭೆ ಸೇರಿ ಪ್ರತಿಭಟಿಸಿದರು. ಕಂಪನಿ ಕೇಳಲಿಲ್ಲ. ನವೆಂಬರ್ 30ಕ್ಕೆ ಸರ್ವರ್ ನಿಂತಿತು. ಎಂಟು ವರ್ಷ ಕಟ್ಟಿದ ವೀರರೆಲ್ಲ ಒಂದೇ ರಾತ್ರಿ ಇಲ್ಲವಾದರು. ಆದರೆ ಕೆಲವರು ಆಟದ ಒಳಗಿನ ಕೋಡನ್ನು ಕೈಬಿಡದೆ ಕಾಪಾಡಿಕೊಂಡಿದ್ದರು. 2019ರಲ್ಲಿ ಅದು ಹೊರಬಂತು. ‘ಹೋಮ್‌ಕಮಿಂಗ್’ ಎಂಬ ಗುಂಪಿನ ಸ್ವಯಂಸೇವಕರು ಜನರ ವಂತಿಗೆಯಿಂದ ಸರ್ವರ್ ಬಾಡಿಗೆ ಕಟ್ಟುತ್ತಾ ಆಟ ನಡೆಸಿದರು. 2024ರ ಜನವರಿಯಲ್ಲಿ ಅದೇ ಕಂಪನಿ ಅವರಿಗೆ ಅಧಿಕೃತ ಪರವಾನಗಿ ಕೊಟ್ಟಿತು. ಹನ್ನೊಂದು ವರ್ಷದ ಮೇಲೆ ಆ ಆಟಕ್ಕೆ ಮತ್ತೆ ಅಧಿಕೃತವಾಗಿ ಜೀವ ಬಂದದ್ದು ಯಾವ ದೊಡ್ಡ ವೀರನಿಂದಲೂ ಅಲ್ಲ. ಸಂಬಳವಿಲ್ಲದೆ ಹಿಂದೆ ನಿಂತವರಿಂದ.

ಇದನ್ನು ಓದುವ ಹುಡುಗರಿಗೆ ನಮ್ಮದು ಒಂದೇ ಕೋರಿಕೆ. ನಿಮ್ಮ ತಂಡದಲ್ಲಿ ಎತ್ತುವವನು ಯಾರು ನೋಡಿ. ವಾರಕ್ಕೊಂದು ದಿನ ಅವನನ್ನು ಮುಂದೆ ಬಿಟ್ಟು ನೀವು ಹಿಂದೆ ನಿಲ್ಲಿ. ಹತ್ತು ನಿಮಿಷದಲ್ಲಿ ಆ ಕೆಲಸದ ತೂಕ ಗೊತ್ತಾಗುತ್ತದೆ. ಹಾಗೆಯೇ ಮನೆಯಲ್ಲಿ ಫೋನಿನ ರೀಚಾರ್ಜಿಗೆ ದುಡ್ಡು ಕೊಡುವವರು ಯಾರು, ಆ ದುಡ್ಡು ಬರಲು ಬೆಳಗಿನ ಜಾವ ಸೊಪ್ಪು ಕೊಯ್ಯುವವರು ಯಾರು ಅಂತಲೂ ಒಮ್ಮೆ ನೋಡಿ. ನಿಮ್ಮ ಬಿಲ್ಡಿನಲ್ಲಿ ಅವರೂ ಒಂದು ಪ್ಯಾಸಿವ್.

ಶಿಡ್ಲಘಟ್ಟದವನು ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಹಗಲು ಮಾವನ ಶೆಡ್ಡಿಗೆ ಹೋಗುತ್ತಾನೆ. ಕೈಬೆರಳು ಬಿಸಿನೀರಿಗೆ ಬೆಂದು ಸಿಪ್ಪೆ ಏಳುತ್ತಿವೆ. ಪರದೆ ಮುಟ್ಟಿದರೆ ಕೆಲವೊಮ್ಮೆ ಫೋನಿಗೆ ತಿಳಿಯುವುದೇ ಇಲ್ಲ. ಯುಗಾದಿವರೆಗೆ ನೋಡೋಣ ಅಂದಿದ್ದಾನೆ. ಧಾರಣೆ ಮಾತ್ರ ಇವತ್ತೂ ಬಂದಿದೆ. ಚಿಂತಾಮಣಿಯವನು ಪುಸ್ತಕ ತೆಗೆದು, ತಾರೀಖು ಹಾಕಿ, ಅವನ ಊರಿನ ಹೆಸರಿನ ಮುಂದೆ ಬರೆದುಕೊಂಡಿದ್ದಾನೆ.